ಕನ್ನಡಿಯಿಂದ ಕನ್ನಡಿಗೆ ಹಾಯ್ದ ಬಿಸಿಲು

ಬೆಂಗಳೂರಿನ ರಾಜಾಜಿನಗರದಿಂದ ನಂದಿನಿ ಬಡಾವಣೆಯ ಕಡೆಗೆ ಹೋದರೆ ಕಂಠೀರವ ಸ್ಟುಡಿಯೋ ಸಿಗುತ್ತದೆ. ಈಗ ಹೆಚ್ಚಿನವರು ಅಲ್ಲಿಗೆ ಹೋಗುವುದು ರಾಜ್‌ಕುಮಾರ್ ಸಮಾಧಿಗೆ ಕೈಮುಗಿಯಲು. ಆದರೆ 1966ರಲ್ಲಿ ಅದು ಶುರುವಾದದ್ದು ಚಿತ್ರೀಕರಣಕ್ಕಾಗಿ. ಇಂಥ ಸ್ಟುಡಿಯೋಗಳಲ್ಲಿ ಸಿನಿಮಾದವರು ‘ಫ್ಲೋರ್’ ಎಂದು ಕರೆಯುವ ಕಟ್ಟಡಗಳಿರುತ್ತವೆ. ಫ್ಲೋರ್ ಎಂದರೆ ಕಿಟಕಿಗಳಿಲ್ಲದ, ಎತ್ತರದ ಚಾವಣಿಯ, ದಪ್ಪ ಗೋಡೆಯ ದೊಡ್ಡ ಮಳಿಗೆ. ಒಳಗೆ ಹಗಲು ಬೇಕೆಂದರೂ ರಾತ್ರಿ ಬೇಕೆಂದರೂ ದೀಪಗಳಿಂದಲೇ ಮಾಡಿಕೊಳ್ಳಬೇಕು. ಸೂರ್ಯನಿಗೆ ಅಲ್ಲಿ ಪ್ರವೇಶವಿಲ್ಲ. ಅವನು ಗಳಿಗೆಗೊಂದು ಕಡೆ ಇರುತ್ತಾನೆ, ಮೋಡ ಬಂದರೆ ಮರೆಯಾಗುತ್ತಾನೆ. ಬೆಳಿಗ್ಗೆ ತೆಗೆದ ಶಾಟ್‌ಗೂ ಮಧ್ಯಾಹ್ನ ತೆಗೆದ ಶಾಟ್‌ಗೂ ಹೊಂದಿಕೆ ಆಗದಂತೆ ಮಾಡುತ್ತಾನೆ. ಆ ಉಪದ್ರವ ಬೇಡವೆಂದೇ ಫ್ಲೋರ್‌ಗಳನ್ನು ಹೀಗೆ ಮುಚ್ಚಿ ಕಟ್ಟುವುದು.

ಹಾಗೆ ಮುಚ್ಚಿ ಕಟ್ಟಿದ ಮುಂಬಯಿಯ ಒಂದು ಫ್ಲೋರ್‌ನೊಳಕ್ಕೆ ಒಬ್ಬ ಕನ್ನಡಿಗ ಛಾಯಾಗ್ರಾಹಕರು ಬೇಕೆಂದೇ ಸೂರ್ಯನನ್ನು ಕರೆತಂದರು. ಚಿತ್ರ ಗುರುದತ್ತ್ ನಿರ್ದೇಶನದ ‘ಕಾಗಜ್ ಕೆ ಫೂಲ್’, ವರ್ಷ 1959. ಛಾಯಾಗ್ರಾಹಕರು ಮೈಸೂರಿನ ವೆಂಕಟರಾಮ ಪಂಡಿತ್ ಕೃಷ್ಣಮೂರ್ತಿ. ಚಿತ್ರರಂಗಕ್ಕೆ ಅವರು ವಿ.ಕೆ. ಮೂರ್ತಿ.

ಮೂರ್ತಿಯವರು ಹುಟ್ಟಿದ್ದು 1923ರ ನವೆಂಬರ್ 26ರಂದು. ಕಸುಬು ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. 1946ರಲ್ಲಿ ಡಿಪ್ಲೊಮಾ ಮುಗಿಯಿತು. ಸಿನಿಮಾ ಛಾಯಾಗ್ರಹಣವನ್ನು ತರಗತಿಯಲ್ಲಿ ಕೂರಿಸಿ ಕಲಿಸುವ ಪದ್ಧತಿ ದೇಶದಲ್ಲೇ ಅಪರೂಪವಾಗಿದ್ದ ಕಾಲವದು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಬಂದದ್ದು 1960ರಲ್ಲಿ. ವಿದ್ಯೆಯೇನೋ ಬೆಂಗಳೂರಿನಲ್ಲಿ ಸಿಕ್ಕಿತು, ಕೆಲಸ ಸಿಗುವಂತಿರಲಿಲ್ಲ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ವನ್ನೇ 1934ರಲ್ಲಿ ಕೊಲ್ಲಾಪುರಕ್ಕೆ ಹೋಗಿ ತೆಗೆಯಬೇಕಾಯಿತು. ನಲವತ್ತರ ದಶಕದ ಕೊನೆಯಲ್ಲೂ ಕನ್ನಡ ಚಿತ್ರಗಳು ವರ್ಷಕ್ಕೆ ಕೈಬೆರಳೆಣಿಕೆಯಷ್ಟು. ಕ್ಯಾಮೆರಾ ಕಲಿತವರು ಮದರಾಸಿಗೋ ಮುಂಬಯಿಗೋ ಹೊರಡಲೇಬೇಕಿತ್ತು. ಮೂರ್ತಿ ಮುಂಬಯಿಗೆ ಹೋದರು.

ಅಲ್ಲಿ ಪಾರಸಿ ಛಾಯಾಗ್ರಾಹಕ ಫಲಿ ಮಿಸ್ತ್ರಿಯವರ ಕೈಕೆಳಗೆ ದುಡಿದರು. ಬೆಳಕನ್ನು ನಯವಾಗಿ, ಮುಖದ ಮೇಲೆ ಗಡಸು ಗೆರೆ ಬೀಳದಂತೆ ಹರಡುವುದರಲ್ಲಿ ಮಿಸ್ತ್ರಿ ಪಳಗಿದವರು. ಆಮೇಲೆ 1951ರ ‘ಬಾಝಿ’ಯಲ್ಲಿ ಮೂರ್ತಿ ವಿ. ರಾತ್ರಾ ಅವರಿಗೆ ಸಹಾಯಕ. ಅದು ಗುರುದತ್ತ್ ನಿರ್ದೇಶಿಸಿದ ಮೊದಲ ಚಿತ್ರ. ಹಾಡೊಂದರಲ್ಲಿ ಬರುವ ಕಷ್ಟದ ಶಾಟ್ ಒಂದನ್ನು ಸಹಾಯಕನಾಗಿದ್ದ ಮೂರ್ತಿಯವರೇ ಸೂಚಿಸಿ, ತೆಗೆದೂ ತೋರಿಸಿದರು. ಮುಂದಿನ ಚಿತ್ರದಿಂದ ಕ್ಯಾಮೆರಾ ನಿಮ್ಮದೇ ಎಂದು ಗುರುದತ್ತ್ ಒಪ್ಪಿಸಿಬಿಟ್ಟರು. ಗುರುದತ್ತ್ ಹುಟ್ಟಿದ್ದೂ ಬೆಂಗಳೂರಿನಲ್ಲೇ, 1925ರಲ್ಲಿ. ಇಬ್ಬರೂ ಒಂದೇ ಸೀಮೆಯಿಂದ ಹೋಗಿ ಪರವೂರಿನಲ್ಲಿ ಜತೆಯಾದವರು. ‘ಜಾಲ್’, ‘ಆರ್ ಪಾರ್’, ‘ಮಿಸ್ಟರ್ ಅಂಡ್ ಮಿಸೆಸ್ 55’, ‘ಪ್ಯಾಸಾ’, ‘ಕಾಗಜ್ ಕೆ ಫೂಲ್’, ‘ಸಾಹಿಬ್ ಬೀಬಿ ಔರ್ ಗುಲಾಮ್’ ಹೀಗೆ ಹತ್ತು ವರ್ಷಗಳಿಗೂ ಮಿಕ್ಕಿ ಆ ಜತೆ ನಡೆಯಿತು.

ಊರು ಬಿಟ್ಟು ದೊಡ್ಡ ಚಿತ್ರರಂಗಕ್ಕೆ ಹೋಗುವ ಈ ದಾರಿ ಆಗ ಪ್ರಪಂಚದ ಎಲ್ಲೆಡೆಯೂ ತೆರೆದಿತ್ತು. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಫ್ರಿಟ್ಝ್ ಲಾಂಗ್, ಬಿಲ್ಲಿ ವೈಲ್ಡರ್ ಜರ್ಮನಿ ಬಿಟ್ಟರು. ಇಬ್ಬರೂ ಪ್ಯಾರಿಸ್ ಮಾರ್ಗವಾಗಿ ಹಾಲಿವುಡ್ ಸೇರಿದರು. ಕತ್ತಲನ್ನೂ ಕತೆಯ ಒಂದು ಪಾತ್ರದಂತೆ ಬಳಸುವ ಜರ್ಮನ್ ಚಿತ್ರಗಳ ಅಭ್ಯಾಸ ಅವರ ಬೆನ್ನಿಗೆ ಅಮೆರಿಕಕ್ಕೆ ಹೋಯಿತು. ಅದೇ ವಿದ್ಯೆಯ ಇನ್ನೊಂದು ಟಿಸಿಲು ನೇರವಾಗಿ ಮುಂಬಯಿಗೇ ಬಂದಿತ್ತು. ನಿರ್ದೇಶಕ ಫ್ರಾಂಝ್ ಆಸ್ಟೆನ್, ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಇಬ್ಬರೂ ಮ್ಯೂನಿಕ್‌ನಿಂದ ಬಂದು ಬಾಂಬೆ ಟಾಕೀಸ್‌ನಲ್ಲಿ ‘ಅಛೂತ್ ಕನ್ಯಾ’ದಂಥ ಚಿತ್ರಗಳನ್ನು ಮಾಡಿದರು. 1949ರ ‘ಮಹಲ್’ ಚಿತ್ರದ ನೆರಳುಗಳೂ ವಿರ್ಶಿಂಗ್ ಅವರ ಕೆಲಸವೇ. ಮೂರ್ತಿ ಮುಂಬಯಿಯಲ್ಲಿ ಬೇರೂರುವ ಹೊತ್ತಿಗೆ ಈ ಬಗೆಯ ಬೆಳಕು ಅಲ್ಲಿನ ಫ್ಲೋರ್‌ಗಳಿಗೆ ಹೊಸದಾಗಿರಲಿಲ್ಲ. ಅದನ್ನು ಅವರು ಎಷ್ಟು ದೂರ ಕೊಂಡೊಯ್ದರು ಎಂಬುದೇ ನೋಡಬೇಕಾದ ಸಂಗತಿ.

ಅದಕ್ಕೆ ಮೊದಲು ಸೆಟ್ಟಿಗೆ ಬೆಳಕು ಮಾಡುವ ಕ್ರಮವನ್ನು ತುಸು ತಿಳಿಯಬೇಕು. ಒಬ್ಬ ಮನುಷ್ಯನ ಮುಖಕ್ಕೆ ಸಾಮಾನ್ಯವಾಗಿ ಮೂರು ದೀಪ. ಮೊದಲನೆಯದು ಕೀ ಲೈಟ್, ಅಂದರೆ ಮುಖ್ಯ ದೀಪ. ಕತೆಯೊಳಗೆ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹೇಳುವುದು ಇದೇ. ಅದು ಕಿಟಕಿಯೋ, ಲಾಂದ್ರವೋ, ಬೀದಿದೀಪವೋ ಆಗಿರಬಹುದು. ಅದು ಒಂದು ಕಡೆಯಿಂದ ಬಿದ್ದಾಗ ಮೂಗಿನ ಆಚೆಯ ಕೆನ್ನೆ ಕಪ್ಪಾಗುತ್ತದೆ. ಆ ಕಪ್ಪನ್ನು ಎಷ್ಟು ಬೇಕೋ ಅಷ್ಟು ತಿಳಿಮಾಡಲು ಎರಡನೆಯ ದೀಪ, ಫಿಲ್ ಲೈಟ್. ಮೂರನೆಯದು ಬ್ಯಾಕ್ ಲೈಟ್. ನಟರ ಬೆನ್ನ ಹಿಂದೆ ಎತ್ತರದಲ್ಲಿದ್ದು, ತಲೆಗೂದಲಿಗೂ ಭುಜಕ್ಕೂ ತೆಳುವಾದ ಹೊಳಪಿನ ಅಂಚು ಕೊಟ್ಟು, ಆಳನ್ನು ಹಿಂದಿನ ಗೋಡೆಯಿಂದ ಬಿಡಿಸಿ ನಿಲ್ಲಿಸುತ್ತದೆ. ಕಪ್ಪು-ಬಿಳುಪು ಚಿತ್ರದಲ್ಲಿ ಇದು ತೀರಾ ಮುಖ್ಯ. ಕೆಂಪು ಸೀರೆಯನ್ನು ಹಸಿರು ಗೋಡೆಯಿಂದ ಬೇರೆ ಮಾಡಲು ಅಲ್ಲಿ ಬಣ್ಣವಿಲ್ಲ. ಎರಡೂ ಒಂದೇ ಬೂದಿಯಾಗಿ ಕಲಸಿಹೋಗುತ್ತವೆ.

ದೀಪ ಉರಿಸುವುದು ಅರ್ಧ ಕೆಲಸ. ಉಳಿದರ್ಧ ಆ ಬೆಳಕು ಬೇಡವಾದ ಕಡೆ ಹೋಗದಂತೆ ತಡೆಯುವುದು. ಇದಕ್ಕೆ ‘ಕಟರ್’ ಎಂಬ ಕಪ್ಪು ಹಲಗೆಗಳಿವೆ. ದೀಪದ ಮುಂದೆ ಇಟ್ಟರೆ ಬೆಳಕಿನ ಒಂದು ಪಾಲು ಕತ್ತರಿಸಿಹೋಗುತ್ತದೆ. ದೀಪಕ್ಕೇ ತಗುಲಿಸಿದ ತಗಡಿನ ರೆಕ್ಕೆಗಳಿವೆ, ಬೆಳಕನ್ನು ಸೋಸಿ ಮೆದು ಮಾಡುವ ‘ನೆಟ್’ ಎಂಬ ಬಲೆಗಳಿವೆ. ಸೆಟ್ಟಿನ ನೆತ್ತಿಯ ಮೇಲೆ ತೂಗುವ ಮರದ ಹಲಗೆಯ ದಾರಿಗಳಲ್ಲಿ ಲೈಟ್ ಬಾಯ್‌ಗಳು ನಡೆದಾಡುತ್ತಾ, ಕೆಳಗಿನಿಂದ ಕೂಗಿ ಹೇಳಿದಂತೆ ದೀಪವನ್ನು ಬೆರಳಷ್ಟು ಎಡಕ್ಕೆ, ಕೂದಲೆಳೆಯಷ್ಟು ಕೆಳಕ್ಕೆ ತಿರುಗಿಸುತ್ತಾರೆ. ಆ ಕಾಲದ ದೊಡ್ಡ ದೀಪಗಳ ಬಳಿ ನಿಂತರೆ ಮೈ ಸುಡುವಷ್ಟು ಕಾವು. ಆಗಿನ ಫಿಲಂ ಇಂದಿನ ಮೊಬೈಲ್ ಕ್ಯಾಮೆರಾದಷ್ಟು ಸೂಕ್ಷ್ಮವಾಗಿರಲಿಲ್ಲ, ಆದ್ದರಿಂದ ತೆರೆಯ ಮೇಲೆ ಮಬ್ಬಾಗಿ ಕಾಣಬೇಕಾದ ಕೋಣೆಗೂ ಸೆಟ್ಟಿನಲ್ಲಿ ಕಣ್ಣು ಕುಕ್ಕುವಷ್ಟು ಬೆಳಕು ಬೇಕಿತ್ತು. ಅಂದರೆ ಛಾಯಾಗ್ರಾಹಕ ತನ್ನ ಕಣ್ಣೆದುರಿಗೆ ಇರುವುದನ್ನು ನಂಬುವಂತಿಲ್ಲ. ಲೈಟ್ ಮೀಟರ್ ಹಿಡಿದು, ಕೆನ್ನೆಯ ಮೇಲೆ ಇಷ್ಟು, ಗೋಡೆಯ ಮೇಲೆ ಇಷ್ಟು ಎಂದು ಅಳೆದು, ಲ್ಯಾಬಿನಿಂದ ತೊಳೆದು ಬಂದಮೇಲೆ ಅದು ಹೇಗಿರುತ್ತದೆಂದು ಮನಸ್ಸಿನಲ್ಲೇ ನೋಡಿಕೊಳ್ಳಬೇಕು.

ಮೂರ್ತಿಯವರ ವಿಶೇಷವೆಂದರೆ ಫಿಲ್ ಲೈಟಿನ ವಿಷಯದಲ್ಲಿ ಅವರಿಗಿದ್ದ ಬಿಗಿ ಕೈ. ಕಪ್ಪನ್ನು ಕಪ್ಪಾಗಿಯೇ ಬಿಡಲು ಅವರು ಹೆದರುತ್ತಿರಲಿಲ್ಲ. ಆದರೆ ಆ ಕಪ್ಪಿನಲ್ಲೂ ಕಂಬದ ಸುಳಿವು, ಸೆರಗಿನ ಮಡಿಕೆ ಉಳಿದಿರುತ್ತಿತ್ತು. ‘ಪ್ಯಾಸಾ’ದ ಕೊನೆಗೆ ಸತ್ತನೆಂದು ಎಲ್ಲರೂ ನಂಬಿದ ಕವಿ ತನ್ನದೇ ಸ್ಮರಣೆಯ ಸಭೆಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಅಲ್ಲಿ ಮುಖಕ್ಕೆ ಬೆಳಕೇ ಇಲ್ಲ ಎನ್ನಬಹುದು, ಬೆಳಕೆಲ್ಲ ಹಿಂದಿನಿಂದ. ಮುಖ ಕಾಣದ ಆಳು, ಸುತ್ತ ಉರಿಯುವ ಅಂಚು. ನಾಯಕನ ಮುಖವನ್ನು ಕತ್ತಲಲ್ಲಿಡಲು ಆಗಿನ ವ್ಯಾಪಾರೀ ಚಿತ್ರದಲ್ಲಿ ನಿರ್ದೇಶಕನ ಧೈರ್ಯವೂ ಬೇಕಿತ್ತೆನ್ನಿ. ಅದು ಗುರುದತ್ತರಲ್ಲಿತ್ತು.

ಈಗ ‘ಕಾಗಜ್ ಕೆ ಫೂಲ್’. ಇದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಸಿನಿಮಾಸ್ಕೋಪ್ ಲೆನ್ಸ್ ದೃಶ್ಯದ ಅಗಲವನ್ನು ಅರ್ಧಕ್ಕೆ ಹಿಂಡಿ ಮಾಮೂಲಿ ಫಿಲಂನಲ್ಲಿ ಕೂರಿಸುತ್ತದೆ. ಥಿಯೇಟರಿನಲ್ಲಿ ಪ್ರೊಜೆಕ್ಟರಿನ ಮುಂದೆ ಇನ್ನೊಂದು ಲೆನ್ಸ್ ಇಟ್ಟು ಅದನ್ನು ಮತ್ತೆ ಹಿಗ್ಗಿಸುತ್ತಾರೆ. ಹಳೆಯ ಚೌಕಟ್ಟಿನ ಅಗಲ ಎತ್ತರದ ಒಂದೂಕಾಲು ಪಟ್ಟಿಗಿಂತ ತುಸು ಹೆಚ್ಚಿದ್ದರೆ, ಇದರ ಅಗಲ ಎರಡು ಪಟ್ಟಿಗೂ ಮೀರಿದ್ದು. ನೋಡುವವರಿಗೆ ಹಬ್ಬ, ಬೆಳಕು ಮಾಡುವವರಿಗೆ ಪೀಕಲಾಟ. ಎರಡೂ ಬದಿಗೆ ಚೌಕಟ್ಟು ಚಾಚಿಕೊಂಡಾಗ ದೀಪಗಳನ್ನು ಬಚ್ಚಿಡಲು ಜಾಗವೇ ಉಳಿಯುವುದಿಲ್ಲ. ಈ ಲೆನ್ಸುಗಳು ಬೆಳಕನ್ನೂ ಹೆಚ್ಚು ಕೇಳುತ್ತಿದ್ದವು. ತೀರಾ ಹತ್ತಿರ ಹೋದರೆ ಮುಖ ಊದಿದಂತೆ ಕಾಣುವ ದೋಷ ಬೇರೆ. ಮುಖವನ್ನು ಹತ್ತಿರದಿಂದ ತೋರಿಸುವುದರಲ್ಲೇ ಹೆಸರಾಗಿದ್ದ ಗುರುದತ್ತರ ಕೈಗೆ ಬಂದದ್ದು ಇಂಥ ಲೆನ್ಸ್.

ಕತೆಯೂ ಸ್ಟುಡಿಯೋದ್ದೇ. ನಿರ್ದೇಶಕನೊಬ್ಬ, ಅವನು ಬೆಳೆಸಿದ ನಟಿಯೊಬ್ಬಳು. ಪಾತ್ರಗಳಲ್ಲಿ ಗುರುದತ್ತ್ ಮತ್ತು ವಹೀದಾ ರೆಹಮಾನ್. ಒಬ್ಬರ ಮೇಲೊಬ್ಬರಿಗೆ ಒಲವಿದೆ, ಕೂಡುವ ದಾರಿಯಿಲ್ಲ. ಖಾಲಿ ಫ್ಲೋರ್ ಒಂದರಲ್ಲಿ ಇಬ್ಬರೂ ದೂರ ದೂರ ನಿಂತಿದ್ದಾರೆ, ಗೀತಾ ದತ್ತ್ ದನಿಯಲ್ಲಿ ‘ವಕ್ತ್ ನೇ ಕಿಯಾ’ ಹಾಡು ಬರುತ್ತದೆ. ಎತ್ತರದಿಂದ ದಪ್ಪನೆಯ ಬಿಸಿಲುಕೋಲು ಓರೆಯಾಗಿ ಇಳಿದು ಅವರಿಬ್ಬರ ನಡುವೆ ನೆಲ ಮುಟ್ಟುತ್ತದೆ. ಇಡೀ ಹಾಡು ನಿಂತಿರುವುದು ಆ ಕೋಲಿನ ಮೇಲೆ.

ಅದನ್ನು ದೊಡ್ಡ ಆರ್ಕ್ ದೀಪದಿಂದ ಮಾಡಬಹುದಿತ್ತಲ್ಲ ಎನ್ನಿಸಬಹುದು. ಮಾಡಿದರೆ ಹೀಗಿರುವುದಿಲ್ಲ. ದೀಪ ಹತ್ತಿರದಲ್ಲಿರುವ ವಸ್ತು. ಅದರ ಕಿರಣಗಳು ಹೊರಟಲ್ಲಿಂದಲೇ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮೇಲೆ ಉರಿ, ಕೆಳಗೆ ಮಂಕು. ಸೂರ್ಯ ಇರುವುದು 15 ಕೋಟಿ ಕಿಲೋಮೀಟರ್ ಆಚೆ. ಅಷ್ಟು ದೂರದಿಂದ ಬರುವ ಕಿರಣಗಳು ನಮ್ಮ ಮಟ್ಟಿಗೆ ಒಂದಕ್ಕೊಂದು ಸಮಾನಾಂತರ. 60 ಅಡಿ ಹಾಯ್ದರೂ ಬಿಸಿಲುಕೋಲು ಅಗಲವಾಗುವುದು ಸುಮಾರು ಅರ್ಧ ಅಡಿ ಮಾತ್ರ. ಮೇಲಿನ ತುದಿಗೂ ಕೆಳಗಿನ ತುದಿಗೂ ಹೊಳಪಿನಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಆ ಬೆಳಕಿಗೆ ದೇವಸ್ಥಾನದ ಬೆಳಕಿಂಡಿಯ ಗಾಂಭೀರ್ಯ ಬರುವುದು ಈ ನೇರದಿಂದ.

ಮೂರ್ತಿ ಎರಡು ದೊಡ್ಡ ಕನ್ನಡಿಗಳನ್ನು ತರಿಸಿದರು. ಒಂದು ಫ್ಲೋರ್‌ನ ಹೊರಗೆ, ಬಿಸಿಲಿನಲ್ಲಿ. ಇನ್ನೊಂದು ಒಳಗೆ, ಎತ್ತರದಲ್ಲಿ. ಹೊರಗಿನ ಕನ್ನಡಿ ಬಿಸಿಲನ್ನು ಒಳಗಿನದರ ಮೇಲೆ ಎಸೆಯಬೇಕು, ಒಳಗಿನದು ಅದನ್ನು ಸೆಟ್ಟಿನ ನೆಲಕ್ಕೆ ಓರೆಯಾಗಿ ಇಳಿಸಬೇಕು. ಕೇಳುವುದಕ್ಕೆ ಮಕ್ಕಳಾಟ. ಬಸವೇಶ್ವರನಗರದ ಯಾವುದೇ ಮನೆಯ ತಾರಸಿಯಲ್ಲಿ ನಿಂತು, ಕೈಗನ್ನಡಿಯಿಂದ ಎದುರು ಮನೆಯ ಗೋಡೆಯ ಮೇಲೆ ಬಿಸಿಲು ಬಿಟ್ಟು ಒಂದೇ ಕಡೆ ನಿಲ್ಲಿಸಲು ಪ್ರಯತ್ನಿಸಿದರೆ ಇದರ ಕಷ್ಟ ತಿಳಿಯುತ್ತದೆ. ಕನ್ನಡಿ ಎಷ್ಟು ತಿರುಗುತ್ತದೋ ಬೆಳಕು ಅದರ ಎರಡರಷ್ಟು ತಿರುಗುತ್ತದೆ. ಕೈ ನಡುಗಿದರೆ ಗೋಡೆಯ ಮೇಲಿನ ಬೆಳಕು ನೆಗೆದಾಡುತ್ತದೆ.

ಕನ್ನಡಿಯನ್ನು ಗಟ್ಟಿಯಾಗಿ ಕಟ್ಟಿ ನಿಲ್ಲಿಸಿದರೂ ಸೂರ್ಯ ನಿಲ್ಲುವುದಿಲ್ಲ. ಆಕಾಶದಲ್ಲಿ ಅವನು ಗಂಟೆಗೆ 15 ಡಿಗ್ರಿಯಂತೆ, ಅಂದರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಕನ್ನಡಿಯಿಂದ 60 ಅಡಿ ದೂರದಲ್ಲಿ ಒಂದು ಡಿಗ್ರಿ ಎಂದರೆ ಒಂದಡಿಗೂ ತುಸು ಹೆಚ್ಚು. ನಟರ ಜಾಗ ಗುರುತು ಮಾಡಿ, ಕ್ಯಾಮೆರಾ ಹಳಿಯ ಮೇಲೆ ಅಭ್ಯಾಸ ಮಾಡಿ, ಮೇಕಪ್ ಸರಿಪಡಿಸಿ, ‘ಟೇಕ್’ ಎನ್ನುವ ಹೊತ್ತಿಗೆ ಬಿಸಿಲುಕೋಲು ತನ್ನ ಜಾಗ ಬಿಟ್ಟಿರುತ್ತದೆ. ಹಾಗಾಗಿ ಇಂಥ ಏರ್ಪಾಟಿನಲ್ಲಿ ಹೊರಗಿನ ಕನ್ನಡಿಯ ಬಳಿ ಜನ ಬೇಕೇ ಬೇಕು. ಒಳಗಿನಿಂದ ಕೂಗು ಬಂದಂತೆ ಅದನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತಾ ಸೂರ್ಯನ ಹಿಂದೆಯೇ ಹೋಗುತ್ತಿರಬೇಕು. ಮೋಡ ಬಂದರೆ ಕೆಲಸ ನಿಲ್ಲುತ್ತದೆ. ಹೊತ್ತು ಇಳಿದರೆ ನಾಳೆ ಅದೇ ಗಳಿಗೆಗೆ ಕಾಯಬೇಕು.

ಬಂದ ಬೆಳಕಾದರೂ ಸಾಮಾನ್ಯದ್ದಲ್ಲ. ಬೆಳಕನ್ನು ಅಳೆಯುವ ಮಾನ ಲಕ್ಸ್. ನಡು ಮಧ್ಯಾಹ್ನದ ನೆಟ್ಟ ಬಿಸಿಲು ಸುಮಾರು 1 ಲಕ್ಷ ಲಕ್ಸ್; ರಾತ್ರಿ ನಮ್ಮ ಮನೆಯ ನಡುಮನೆಯಲ್ಲಿ ಇರುವುದು ನೂರು, ಇನ್ನೂರು ಲಕ್ಸ್. ಒಳ್ಳೆಯ ಕನ್ನಡಿ ಬೆಳಕನ್ನು ನುಂಗುವುದು ಹತ್ತರಲ್ಲಿ ಒಂದು ಪಾಲಿನಷ್ಟು. ಎರಡು ಕನ್ನಡಿ ದಾಟಿಯೂ ಮುಕ್ಕಾಲು ಬಿಸಿಲು ಉಳಿದಿರುತ್ತದೆ. ಆ ಪ್ರಖರತೆಯ ಪಕ್ಕದಲ್ಲಿ ಉಳಿದ ಸೆಟ್ ಪೂರಾ ಮಸಿಯಾಗಬಾರದು, ಹಾಗೆಂದು ಎಲ್ಲೆಡೆ ದೀಪ ಹಚ್ಚಿದರೆ ಕೋಲು ಮಾಸಿಹೋಗುತ್ತದೆ. ನಟರು ಕೋಲಿನ ಒಳಗೆ ನೇರ ನಿಂತರೆ ಹಣೆ, ಮೂಗು ಸುಣ್ಣದಂತೆ ಬೆಳ್ಳಗಾಗಿ ಕಣ್ಣುಗಳು ಗುಳಿಯಾಗುತ್ತವೆ. ಅಂಚಿನಲ್ಲಿ ನಿಂತರೆ ಮುಖಕ್ಕೆ ಬೇರೆ ಬೆಳಕು ಬೇಕು, ಆ ಬೆಳಕು ಬೇರೆಯದೆಂದು ತಿಳಿಯಬಾರದು. ಅಳತೆಗಾರಿಕೆಯೆಲ್ಲ ಇಲ್ಲಿದೆ.

ಇನ್ನೂ ಒಂದು ಮಾತಿದೆ. ಶುಭ್ರ ಗಾಳಿಯಲ್ಲಿ ಬೆಳಕಿನ ಕೋಲು ಕಾಣುವುದೇ ಇಲ್ಲ. ಅದು ಬಿದ್ದ ಜಾಗ ಮಾತ್ರ ಕಾಣುತ್ತದೆ. ಗಾಳಿಯಲ್ಲಿ ಧೂಳೋ ಹೊಗೆಯೋ ಇದ್ದು, ಆ ಕಣಗಳು ಬೆಳಕನ್ನು ನಮ್ಮ ಕಡೆಗೆ ಚದುರಿಸಿದಾಗಲೇ ಕೋಲಿಗೆ ಮೈ ಬರುವುದು. ಬೆಳಕು ಕ್ಯಾಮೆರಾದ ಎದುರಿನಿಂದ ಬರುವಂತಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಇಂಥ ಕಣಗಳು ಬೆಳಕನ್ನು ಅದು ಹೊರಟ ದಿಕ್ಕಿಗೇ ಹೆಚ್ಚು ಚದುರಿಸುತ್ತವೆ. ಹೊಗೆ ಹೆಚ್ಚಾದರೆ ಇಡೀ ಚೌಕಟ್ಟು ಹಾಲಾಗುತ್ತದೆ, ಕಡಿಮೆಯಾದರೆ ಕೋಲು ಮುರಿದಂತೆ ಕಾಣುತ್ತದೆ, ಬಾಗಿಲು ತೆರೆದರೆ ಸುರುಳಿ ಸುತ್ತಿ ಓಡುತ್ತದೆ. ಈ ತಾಪತ್ರಯ ಹಾಲಿವುಡ್‌ಗೂ ಇತ್ತು. ಬಿಲ್ಲಿ ವೈಲ್ಡರ್ 1944ರಲ್ಲಿ ‘ಡಬಲ್ ಇಂಡೆಮ್ನಿಟಿ’ ತೆಗೆದಾಗ ಅವರ ಛಾಯಾಗ್ರಾಹಕ ಜಾನ್ ಸೈಟ್ಸ್, ಕಿಟಕಿಯ ಪಟ್ಟಿಗಳಿಂದ ಬರುವ ಬೆಳಕಿನಲ್ಲಿ ಧೂಳು ಕಾಣಲೆಂದು ಅಲ್ಯುಮಿನಿಯಂ ಪುಡಿಯನ್ನು ಗಾಳಿಗೆ ಊದಿಸಿದ್ದರು. ಅದೇ ಜೋಡಿ 1950ರಲ್ಲಿ ಮಾಡಿದ ‘ಸನ್‌ಸೆಟ್ ಬುಲೆವಾರ್ಡ್’ನಲ್ಲಿ, ಜನ ಮರೆತ ಹಳೆಯ ನಟಿ ಸ್ಟುಡಿಯೋಗೆ ಬಂದಾಗ ಮೇಲಿನಿಂದ ಒಬ್ಬ ಹಳೆಯ ಲೈಟ್ ಬಾಯ್ ಗುರುತು ಹಿಡಿದು ದೀಪವನ್ನು ಅವಳತ್ತ ತಿರುಗಿಸುತ್ತಾನೆ. ಸ್ಟುಡಿಯೋದ ಬೆಳಕಿನಿಂದಲೇ ಸ್ಟುಡಿಯೋದ ಕತೆ ಹೇಳಿದ ‘ಸನ್‌ಸೆಟ್ ಬುಲೆವಾರ್ಡ್’, ‘ಕಾಗಜ್ ಕೆ ಫೂಲ್’ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ, ವೈಲ್ಡರ್ ಅವರ ಆ ದೃಶ್ಯದ ಬುದ್ಧಿವಂತಿಕೆಗೆ ತಲೆದೂಗುತ್ತೇವೆ. ಆದರೆ ಮೂರ್ತಿಯವರ ಬಿಸಿಲುಕೋಲಿನ ತೂಕವೇ ಬೇರೆ ಎಂದು ನನಗನ್ನಿಸುತ್ತದೆ.

ಹಾಡಿನ ನಡುವೆ ಇಬ್ಬರ ಮೈಯಿಂದಲೂ ಅವರದೇ ಪಾರದರ್ಶಕ ರೂಪಗಳು ಹೊರಬಂದು, ಒಂದರತ್ತ ಒಂದು ನಡೆದು ಆ ಬೆಳಕಿನಲ್ಲಿ ಕೂಡುತ್ತವೆ. ಎರಡು ಬಾರಿ ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ಅಚ್ಚೊತ್ತುವ ಹಳೆಯ ವಿದ್ಯೆಯಿದು. ಮೇಲಿನ ರೂಪ ಕಾಣಬೇಕಾದರೆ ಅಡಿಯ ಚಿತ್ರದಲ್ಲಿ ಕಪ್ಪು ಇರಬೇಕು. ಬಿಳುಪಿನ ಮೇಲೆ ಬಿಳುಪು ಕರಗಿಹೋಗುತ್ತದೆ. ಮೂರ್ತಿ ಉಳಿಸಿಕೊಂಡ ಕತ್ತಲು ಇಲ್ಲಿ ಉಪಯೋಗಕ್ಕೆ ಬಂತು.

ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಗುರುದತ್ತ್ ಮತ್ತೆ ತಮ್ಮ ಹೆಸರಿನಲ್ಲಿ ನಿರ್ದೇಶನ ಮಾಡಲಿಲ್ಲ. ಆದರೂ ಛಾಯಾಗ್ರಹಣಕ್ಕೆ ಫಿಲಂಫೇರ್ ಪ್ರಶಸ್ತಿ ಬಂತು. 1962ರ, ಅಬ್ರಾರ್ ಅಲ್ವಿ ನಿರ್ದೇಶನದ ‘ಸಾಹಿಬ್ ಬೀಬಿ ಔರ್ ಗುಲಾಮ್’ಗೆ ಮತ್ತೊಂದು. ಅದರಲ್ಲೊಂದು ಮುಜ್ರಾ ಇದೆ. ಮುಖ್ಯ ನರ್ತಕಿ ಮಿನು ಮಮ್ತಾಜ್ ಜತೆಗೆ ಹಿನ್ನೆಲೆಯ ನರ್ತಕಿಯರು ಹೊಂದುತ್ತಿಲ್ಲವೆಂದು ಗುರುದತ್ತರಿಗೆ ಅನ್ನಿಸಿತು. ಆ ನರ್ತಕಿಯರನ್ನು ಮೂರ್ತಿ ತೆಗೆಸಲಿಲ್ಲ, ನೆರಳಿಗೆ ಸರಿಸಿದರು. ಕುಣಿತ ಮುಂದುವರಿಯುತ್ತದೆ, ಗೆಜ್ಜೆ, ಸೆರಗು, ಕೈಬೀಸು ಎಲ್ಲ ಇವೆ, ಹಿಂದಿನವರ ಮುಖಗಳು ಮಾತ್ರ ಬೆಳಕಿಗೆ ಬರುವುದಿಲ್ಲ. ನಿಂತ ಆಳಿಗೆ ಹೀಗೆ ಬೆಳಕು ಕತ್ತರಿಸಬಹುದು. ಸುತ್ತುವವರಿಗೆ ಕತ್ತರಿಸಬೇಕಾದರೆ ಯಾರ ಹೆಜ್ಜೆ ಎಲ್ಲಿಯವರೆಗೆ ಎಂಬುದನ್ನು ನೃತ್ಯ ನಿರ್ದೇಶಕರೊಡನೆ ಕೂತು ಗೆರೆ ಹಾಕಿಕೊಳ್ಳಬೇಕು. ಇದ್ದ ಕೊರತೆಯನ್ನು ಮುಚ್ಚಲು ಮಾಡಿದ ಉಪಾಯವೇ ಆ ಹಾಡಿನ ಸೊಗಸಾಯಿತು.

ಗುರುದತ್ತ್ 1964ರಲ್ಲಿ ತೀರಿಕೊಂಡರು. ಮೂರ್ತಿ ಕೆಲಸ ಮಾಡುತ್ತಲೇ ಇದ್ದರು. ಬೆಂಗಳೂರಿನ ಅದೇ ಪಾಲಿಟೆಕ್ನಿಕ್‌ನಲ್ಲಿ ಕಲಿತು ಬಂದ ಗೋವಿಂದ ನಿಹಲಾನಿ ಮೂರ್ತಿಯವರ ಸಹಾಯಕರಾಗಿ ಶುರುಮಾಡಿ ದೊಡ್ಡ ನಿರ್ದೇಶಕರಾದರು. ದೂರದರ್ಶನದಲ್ಲಿ ಶ್ಯಾಮ್ ಬೆನಗಲ್ ಅವರ ‘ಭಾರತ್ ಏಕ್ ಖೋಜ್’ ನೋಡಿದವರು ಮೂರ್ತಿಯವರ ಬೆಳಕನ್ನೂ ನೋಡಿದ್ದಾರೆ. 1993ರಲ್ಲಿ ರಾಜೇಂದ್ರಸಿಂಗ್ ಬಾಬು ಅವರು ತ್ರಿವೇಣಿಯವರ ಕಾದಂಬರಿಯನ್ನು ‘ಹೂವು ಹಣ್ಣು’ ಎಂದು ಚಿತ್ರ ಮಾಡಿದಾಗ ಕ್ಯಾಮೆರಾ ಹಿಡಿದವರು ಇವರೇ. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಕನ್ನಡಕ್ಕೆ ಬಂದರು, ಅಷ್ಟಾದರೂ ಬಂದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ 2008ನೆಯ ಸಾಲಿಗೆ ಅವರಿಗೆ ಸಂದಿತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರು. ಮೂರ್ತಿಯವರ ಬದುಕನ್ನು ಉಮಾ ರಾವ್ ‘ಬಿಸಿಲು ಕೋಲು’ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಬರೆದಿದ್ದಾರೆ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ ಮೂರ್ತಿ 2014ರ ಏಪ್ರಿಲ್ 7ರಂದು ತೀರಿಕೊಂಡರು.

‘ಕಾಗಜ್ ಕೆ ಫೂಲ್’ ಚಿತ್ರವನ್ನು ಈಗ ನೋಡಬೇಕೆನ್ನುವವರು ಒಂದು ಎಚ್ಚರ ವಹಿಸಬೇಕು. ಹಳೆಯ ಟಿವಿಯ ಚೌಕಕ್ಕೆ ಹೊಂದಲೆಂದು ಸ್ಕೋಪ್ ಚಿತ್ರಗಳ ಎರಡೂ ಬದಿ ಕತ್ತರಿಸುವ ರೂಢಿಯಿತ್ತು. ಹಾಗೆ ಕತ್ತರಿಸಿದ ಪ್ರತಿಯಲ್ಲಿ ನೋಡಿದರೆ ಆ ಇಬ್ಬರ ನಡುವಿನ ದೂರವೇ ಉಳಿಯುವುದಿಲ್ಲ. ಮೇಲೆ ಕೆಳಗೆ ಕಪ್ಪು ಪಟ್ಟಿ ಇರುವ ಪೂರ್ತಿ ಅಗಲದ ಪ್ರತಿಯನ್ನೇ ಹುಡುಕಬೇಕು, ಕೋಣೆಯ ದೀಪ ಆರಿಸಿ ನೋಡಬೇಕು.